ಗುಲಗಂಜಿ ತೂಕದ ಖನಿಜಗಳು

ಹಿಂದಿನ ವರ್ಷ ಗೌರಿ ಹಬ್ಬಕ್ಕೆಂದು ಮೈಸೂರಿಗೆ ಹೋಗಿದ್ದಾಗ, ನನ್ನ ಸೋದರಮಾವನವರ ಊಟದೆಲೆಯ ಪಕ್ಕದಲ್ಲಿ ಎರಡು ಸೀಸೆಗಳಿದ್ದುದನ್ನು ಕಂಡೆ. ತೊವ್ವೆ ಬಡಿಸುವುದಕ್ಕೆ ಮುಂಚೆಯೇ ಅವರು ಎರಡರಿಂದಲೂ ಒಂದೊಂದು ಮಾತ್ರೆಯನ್ನು ಅಂಗೈಗೆ ಸುರಿದುಕೊಂಡು, ಪರಿಷೇಚನೆಯಷ್ಟೇ ಶ್ರದ್ಧೆಯಿಂದ ನೀರು ಕುಡಿದು ನುಂಗಿದರು.

"ಏನು ಮಾವ, ರಕ್ತದೊತ್ತಡದ ಮಾತ್ರೆಯೇ?" ಎಂದೆ.

"ಅಲ್ಲವಯ್ಯ. ಇದು ಸೆಲೆನಿಯಂ, ಅದು 'ಇ' ಜೀವಸತ್ತ್ವ. ಹುಡುಗ ಅಮೆರಿಕದಿಂದ ಕಳುಹಿಸುತ್ತಾನೆ. ನಾಲ್ಕು ವರ್ಷವಾಯಿತು, ಒಂದು ದಿನವೂ ತಪ್ಪಿಸಿಲ್ಲ. ನಮ್ಮಣ್ಣನಿಗೆ ಬಂದದ್ದು ನನಗೆ ಬಾರದಿರಲಿ ಅಂತ."

ಪಂಕ್ತಿಯಲ್ಲಿ ಕೆಲವು ಕ್ಷಣ ಯಾರೂ ಮಾತನಾಡಲಿಲ್ಲ. ನಮ್ಮ ದೊಡ್ಡಮಾವನವರು ತೀರಿಕೊಂಡು ಆರು ವರ್ಷವಾಗಿತ್ತು. ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಂಡು, ವಯಸ್ಸಿನ ಸಹಜ ಧರ್ಮವೆಂದು ಒಂದು ವರ್ಷ ತಳ್ಳಿದ್ದರು. ಕೊನೆಗೆ ತಿಳಿದುಬಂದುದು, ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಅರ್ಬುದವು ಬೆನ್ನುಮೂಳೆಗೆ ಹಬ್ಬಿಬಿಟ್ಟಿದೆ ಎಂದು. ಆದುದರಿಂದ ಮಾವನವರ ಭಯ ನಿರಾಧಾರವಾದುದಲ್ಲ. ತಂದೆಗೋ ಒಡಹುಟ್ಟಿದವನಿಗೋ ಈ ರೋಗ ಬಂದಿದ್ದರೆ, ತನಗೂ ಬರುವ ಸಂಭವ ಇತರರಿಗಿಂತ ಸುಮಾರು ಎರಡರಷ್ಟು ಎಂಬುದು ವೈದ್ಯರು ಒಪ್ಪಿರುವ ವಿಷಯ.

ಊಟವಾದ ಮೇಲೆ ಸೀಸೆಗಳನ್ನು ಬೆಳಕಿಗೆ ಹಿಡಿದು ಚೀಟಿಯನ್ನು ಓದಿದೆ. ಸೆಲೆನಿಯಂ ೨೦೦ ಮೈಕ್ರೊಗ್ರಾಂ. 'ಇ' ಜೀವಸತ್ತ್ವ ೪೦೦ ಯೂನಿಟ್. ಈ ಎರಡು ಅಂಕಿಗಳನ್ನು ನಾನು ಹಿಂದೆಯೇ ಬೇರೊಂದೆಡೆ ಓದಿದ್ದೆ. ಅವುಗಳ ಹಿಂದೆ ಒಂದು ದೊಡ್ಡ ಕಥೆಯುಂಟು.

ಅಕ್ರೋಟು ಗಾತ್ರದ ಗ್ರಂಥಿ

ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ, ಅಕ್ರೋಟು ಕಾಯಿಯಷ್ಟು ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದುಕೊಂಡು ಕುಳಿತಿರುತ್ತದೆ. ವೀರ್ಯಕ್ಕೆ ಬೇಕಾದ ದ್ರವದ ಒಂದು ಭಾಗವನ್ನು ಒದಗಿಸುವುದು ಅದರ ಕೆಲಸ. ವಯಸ್ಸಾದಂತೆ ಈ ಗ್ರಂಥಿ ಊದಿಕೊಂಡು, ರಾತ್ರಿಯಲ್ಲಿ ನಾಲ್ಕಾರು ಬಾರಿ ಏಳುವ ಪೀಡೆ ಬರುವುದನ್ನು ಯಾವ ಮನೆಯಲ್ಲಿ ಕಂಡಿಲ್ಲ? ಅದು ಬಹುಮಟ್ಟಿಗೆ ನಿರಪಾಯದ ಊತ, ಅರ್ಬುದವಲ್ಲ. ಅರ್ಬುದವಾದರೋ ಮೊದಮೊದಲು ಯಾವ ಸೂಚನೆಯನ್ನೂ ಕೊಡದೆ ಬೆಳೆಯುತ್ತದೆ. ೨೦೨೨ನೇ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಹದಿನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಗಂಡಸರಲ್ಲಿ ಇದು ಹೊಸದಾಗಿ ಪತ್ತೆಯಾಯಿತೆಂದು ಅಂದಾಜು. ನಮ್ಮ ಬೆಂಗಳೂರಿನಲ್ಲಿ ೧೯೮೨ರಿಂದ ಅರ್ಬುದ ರೋಗಿಗಳ ಲೆಕ್ಕವನ್ನು ದಾಖಲೆಯಲ್ಲಿ ಬರೆದಿಡಲಾಗುತ್ತಿದೆ. ಆ ದಾಖಲೆಯಲ್ಲಿಯೂ ಗಂಡಸರ ಅರ್ಬುದಗಳ ಪೈಕಿ ಪ್ರಾಸ್ಟೇಟಿನದು ಇಂದು ಮೊದಲ ಸಾಲಿಗೆ ಬಂದು ನಿಂತಿದೆ.

ಈ ಗ್ರಂಥಿಗೂ ಖನಿಜಗಳಿಗೂ ಏನು ಸಂಬಂಧ? ಸುಣ್ಣ, ಕಬ್ಬಿಣ ಮುಂತಾದವುಗಳ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಶರೀರಕ್ಕೆ ಬೇಕಾದ ಖನಿಜಗಳಲ್ಲಿ ಕೆಲವು ಎಷ್ಟು ಅಲ್ಪ ಪ್ರಮಾಣದಲ್ಲಿ ಸಾಕೆಂದರೆ, ಅವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿಯೂ ತೂಗಲಾಗದು. ಒಂದು ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ಆಹಾರತಜ್ಞರು ವಯಸ್ಕನಿಗೆ ದಿನವೊಂದಕ್ಕೆ ಗೊತ್ತುಮಾಡಿರುವ ಸೆಲೆನಿಯಂ ೪೦ ಮೈಕ್ರೊಗ್ರಾಂ. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೊಗ್ರಾಂ. ಹಾಗಾದರೆ ಒಂದು ಗುಲಗಂಜಿ ತೂಕದ ಸೆಲೆನಿಯಂ ಒಬ್ಬ ಮನುಷ್ಯನಿಗೆ ಎಂಟು ವರ್ಷ ಸಾಲುತ್ತದೆ! ಸತುವು ಇದಕ್ಕಿಂತ ಹೆಚ್ಚು ಬೇಕು. ಗಂಡಸಿಗೆ ದಿನಕ್ಕೆ ೧೭ ಮಿಲಿಗ್ರಾಂ, ಅಂದರೆ ವಾರಕ್ಕೊಂದು ಗುಲಗಂಜಿ.

ಶಿರಾಜಿನ ಬಾಲಕ

ಸತುವಿನ ಕಥೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರ ನಾಯಕ ನಮ್ಮವರೇ. ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದ್ ಅವರು ಅಮೆರಿಕದಲ್ಲಿ ಓದಿ, ೧೯೫೮ರಲ್ಲಿ ಇರಾನಿನ ಶಿರಾಜ್ ನಗರದ ಆಸ್ಪತ್ರೆಗೆ ಬಂದಿದ್ದರು. ಅಲ್ಲಿ ಅವರ ಮುಂದೆ ಒಬ್ಬ ರೋಗಿಯನ್ನು ತಂದು ನಿಲ್ಲಿಸಿದರು. ನೋಡುವುದಕ್ಕೆ ಹತ್ತು ವರ್ಷದ ಹುಡುಗ. ಮುಖದಲ್ಲಿ ಒಂದು ಕೂದಲಿಲ್ಲ, ಪ್ರಾಯದ ಯಾವ ಲಕ್ಷಣವೂ ಇಲ್ಲ. ವಿಚಾರಿಸಿದರೆ ವಯಸ್ಸು ಇಪ್ಪತ್ತೊಂದು! ಆಹಾರವೆಂದರೆ ಹುದುಗು ಬಾರದ ಹಿಟ್ಟಿನ ರೊಟ್ಟಿ. ಮಾಂಸ ಅಪರೂಪ. ಜೊತೆಗೆ ಮಣ್ಣು ತಿನ್ನುವ ಚಟ.

ರಕ್ತಹೀನತೆಗೆ ಕಬ್ಬಿಣವನ್ನು ಕೊಟ್ಟರೆ ವಾಸಿಯಾದೀತು. ಆದರೆ ಬೆಳವಣಿಗೆ ಏಕೆ ನಿಂತಿತು? ಪ್ರಸಾದರು ಸತುವಿನ ಕೊರತೆಯಿರಬೇಕೆಂದು ಊಹಿಸಿದರು. ಆ ಕಾಲದಲ್ಲಿ ಮನುಷ್ಯನಿಗೆ ಸತುವಿನ ಕೊರತೆಯೆಂಬುದು ಉಂಟಾಗಲಾರದು ಎಂದೇ ಪಂಡಿತರ ಮತ. ಪ್ರಸಾದರು ಮುಂದೆ ಈಜಿಪ್ಟಿಗೆ ಹೋಗಿ, ಅಂತಹುದೇ ಯುವಕರನ್ನು ಪರೀಕ್ಷಿಸಿ, ಊಹೆ ಸರಿಯೆಂದು ತೋರಿಸಿಕೊಟ್ಟರು. ಕಾಳಿನ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತದೆ. ಹಿಟ್ಟು ಹುದುಗಿದರೆ ಅಥವಾ ಕಾಳು ಮೊಳೆತರೆ ಆ ಹಿಡಿತ ಸಡಿಲುತ್ತದೆ. ನಮ್ಮ ಅಜ್ಜಿಯರು ರಾತ್ರಿಯಿಡೀ ಹುಳಿ ಬರಿಸಿದ ದೋಸೆಹಿಟ್ಟಿಗೂ ಮೊಳಕೆ ಕಟ್ಟಿದ ಹೆಸರುಕಾಳಿಗೂ ರುಚಿಯ ಹೊರತಾಗಿ ಇನ್ನೊಂದು ಸಾರ್ಥಕತೆಯಿತ್ತೆಂಬುದು ಹೀಗೆ ಗೊತ್ತಾಯಿತು.

ಮೆತ್ತಗಿನ ಅಂಗಗಳ ಪೈಕಿ ಅತ್ಯಂತ ಹೆಚ್ಚು ಸತುವನ್ನು ಕೂಡಿಟ್ಟುಕೊಳ್ಳುವುದು ಪ್ರಾಸ್ಟೇಟ್ ಗ್ರಂಥಿಯೇ. ಇದನ್ನು ಫ್ರಾನ್ಸಿನ ವಿಜ್ಞಾನಿಗಳು ೧೯೨೧ರಷ್ಟು ಹಿಂದೆಯೇ ಕಂಡಿದ್ದರು. ಅಲ್ಲಿ ಸತುವು ಮಾಡುವ ಕೆಲಸ ಸ್ವಾರಸ್ಯವಾದುದು. ಶರೀರದ ಇತರ ಜೀವಕಣಗಳು ಸಿಟ್ರೇಟ್ ಎಂಬ ಪದಾರ್ಥವನ್ನು ಉರಿಸಿ ಶಕ್ತಿ ಪಡೆದುಕೊಳ್ಳುತ್ತವೆ. ಪ್ರಾಸ್ಟೇಟಿನ ಜೀವಕಣದಲ್ಲಿ ಸತುವು ಈ ಒಲೆಯ ಬಾಯಿಗೆ ಅಡ್ಡ ಕುಳಿತುಬಿಡುತ್ತದೆ. ಉರಿಯದೆ ಉಳಿದ ಸಿಟ್ರೇಟ್ ಗ್ರಂಥಿಯ ದ್ರವಕ್ಕೆ ಸೇರುತ್ತದೆ. ಜೀವಕಣವು ಅರ್ಬುದವಾಗಿ ಕೆಟ್ಟಾಗ ಸತುವನ್ನು ಕಳೆದುಕೊಂಡಿರುತ್ತದೆ. ಅಡ್ಡಿ ಸರಿದು, ಒಲೆ ಧಗಧಗಿಸಿ ಉರಿದು, ಅರ್ಬುದದ ಬೆಳವಣಿಗೆಗೆ ಇಂಧನ ಸಿಕ್ಕಿದಂತಾಗುತ್ತದೆ.

ಇದನ್ನು ಓದಿದ ಯಾರಿಗೇ ಆಗಲಿ, 'ಹಾಗಾದರೆ ಸತುವಿನ ಮಾತ್ರೆ ನುಂಗಿದರಾಯಿತು' ಎನ್ನಿಸದಿರದು. ಅಮೆರಿಕದಲ್ಲಿ ಅನೇಕರಿಗೆ ಹಾಗೆಯೇ ಅನ್ನಿಸಿತ್ತು. ಅಲ್ಲಿ ವೈದ್ಯಕೀಯ ವೃತ್ತಿಗಳಲ್ಲಿದ್ದ ಸುಮಾರು ೪೭,೦೦೦ ಗಂಡಸರನ್ನು ಹದಿನಾಲ್ಕು ವರ್ಷ ಗಮನಿಸಿ ಬಂದವರು ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ ನೂರು ಮಿಲಿಗ್ರಾಮಿಗೆ ಮೀರಿ ಸತುವಿನ ಮಾತ್ರೆ ತಿಂದವರಲ್ಲಿ, ಮಾತ್ರೆಯ ಗೋಜಿಗೆ ಹೋಗದವರಿಗಿಂತ, ಬಲಿತ ಪ್ರಾಸ್ಟೇಟ್ ಅರ್ಬುದವು ಎರಡರಷ್ಟಕ್ಕೂ ಹೆಚ್ಚಾಗಿ ಕಂಡುಬಂದಿತು. ಸತುವೇ ರೋಗವನ್ನು ತಂದಿತೆಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಕಾಪಾಡಲಿಲ್ಲ ಎಂಬುದಂತೂ ಸ್ಪಷ್ಟ. ಅತಿಯಾದ ಸತುವು ತಾಮ್ರವನ್ನು ಶರೀರಕ್ಕೆ ದಕ್ಕಗೊಡುವುದಿಲ್ಲವೆಂಬುದು ಬೇರೆ.

ಚಂದ್ರನ ಹೆಸರಿನ ಧಾತು

ಇನ್ನು ಮಾವನವರ ಸೀಸೆಯ ಸೆಲೆನಿಯಮ್ಮಿಗೆ ಬರೋಣ. ೧೮೧೭ರಲ್ಲಿ ಸ್ವೀಡನ್ನಿನ ಮಹಾರಸಾಯನಜ್ಞ ಬರ್ಜೀಲಿಯಸ್, ಗಂಧಕಾಮ್ಲದ ಕಾರ್ಖಾನೆಯೊಂದರ ತಳದಲ್ಲಿ ನಿಂತ ಕೆಂಪು ಗಸಿಯಲ್ಲಿ ಇದನ್ನು ಕಂಡುಹಿಡಿದ. ಇದನ್ನು ಹೋಲುವ ಟೆಲ್ಲೂರಿಯಂ ಎಂಬ ಧಾತುವಿಗೆ ಅದಾಗಲೇ ಭೂಮಿಯ ಹೆಸರಿದ್ದುದರಿಂದ, ಇದಕ್ಕೆ ಗ್ರೀಕರ ಚಂದ್ರದೇವತೆಯಾದ ಸೆಲೀನಳ ಹೆಸರನ್ನಿಟ್ಟ. ಚಂದ್ರನಂತೆ ಇದಕ್ಕೂ ಎರಡು ಪಕ್ಷಗಳಿವೆಯೆಂಬುದು ಪಾಪ, ಅವನಿಗೆ ತಿಳಿದಿರಲಿಲ್ಲ.

ಬಹುಕಾಲ ಲೋಕಕ್ಕೆ ಪರಿಚಯವಾಗಿದ್ದುದು ಕೃಷ್ಣಪಕ್ಷವೇ. ಅಮೆರಿಕದ ದಕ್ಷಿಣ ಡಕೋಟದಲ್ಲಿ ದನಗಳ ಗೊರಸು ಉದುರಿ, ಬಾಲದ ಕೂದಲು ಹೋಗಿ ಸಾಯುತ್ತಿದ್ದುವು. ಮಣ್ಣಿನಲ್ಲಿನ ಸೆಲೆನಿಯಂ ಹುಲ್ಲಿನ ಮೂಲಕ ಅವುಗಳಿಗೆ ವಿಷವಾಗುತ್ತಿದೆಯೆಂದು ೧೯೩೦ರ ದಶಕದಲ್ಲಿ ಗೊತ್ತಾಯಿತು. ದೂರವೇಕೆ? ನಮ್ಮ ಪಂಜಾಬಿನ ನವಾನ್‌ಶಹರ, ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಇಂತಹ ಮಣ್ಣಿದೆ. ಅಲ್ಲಿ ಬೆಳೆದ ಗೋಧಿಯನ್ನು ತಿಂದವರ ಕೂದಲು ಉದುರಿ, ಉಗುರು ವಿಕಾರವಾದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಶುಕ್ಲಪಕ್ಷ ತಡವಾಗಿ ಬೆಳಗಿತು. ೧೯೫೭ರಲ್ಲಿ ಅಮೆರಿಕದಲ್ಲಿ ಕ್ಲಾಸ್ ಶ್ವಾರ್ಟ್ಸ್ ಮತ್ತು ಕ್ಯಾಲ್ವಿನ್ ಫೋಲ್ಟ್ಸ್ ಎಂಬವರು, ಇಲಿಗಳ ಯಕೃತ್ತು ಕೊಳೆಯದಂತೆ ಅತ್ಯಲ್ಪ ಸೆಲೆನಿಯಂ ಕಾಪಾಡುವುದೆಂದು ತೋರಿಸಿದರು. ಚೀನದ ಕೇಶಾನ್ ಎಂಬ ಪ್ರದೇಶದಲ್ಲಿ ೧೯೩೫ರಿಂದ ಗುರುತಿಗೆ ಬಂದ ಒಂದು ಭೀಕರ ಹೃದಯರೋಗವಿತ್ತು. ಮಕ್ಕಳೂ ಹರೆಯದ ಹೆಂಗಸರೂ ಅದಕ್ಕೆ ಹೆಚ್ಚಾಗಿ ಬಲಿಯಾಗುತ್ತಿದ್ದರು. ಆ ಸೀಮೆಯ ಮಣ್ಣಿನಲ್ಲಿ ಸೆಲೆನಿಯಂ ಇಲ್ಲವೆನ್ನುವಷ್ಟು ಕಡಿಮೆ. ೧೯೭೦ರ ದಶಕದಲ್ಲಿ ಮಕ್ಕಳಿಗೆ ಸೆಲೆನಿಯಂ ಲವಣದ ಮಾತ್ರೆಗಳನ್ನು ಹಂಚಿದಾಗ ರೋಗವು ಗಣನೀಯವಾಗಿ ತಗ್ಗಿತು. ಫಿನ್ಲೆಂಡಿನ ಸರ್ಕಾರವಂತೂ ೧೯೮೦ರ ದಶಕದ ನಡುವಿನಿಂದ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸಿ, ಇಡೀ ದೇಶದ ಅನ್ನಕ್ಕೆ ಅದು ಸೇರುವಂತೆ ಮಾಡಿದೆ. ನಮ್ಮಲ್ಲಿ ಕಾಂಗ್ಡಾ ಕಣಿವೆಯಲ್ಲಿ ೧೯೫೬ರಿಂದ ಡಾಕ್ಟರ್ ರಾಮಲಿಂಗಸ್ವಾಮಿಯವರು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡವನ್ನು ತಗ್ಗಿಸಿದ ಪ್ರಯೋಗವೂ ಇದೇ ಜಾತಿಯದು. ಕೊರತೆಯಿದ್ದಲ್ಲಿ ಕೊರತೆಯನ್ನು ತುಂಬಿದರು, ರೋಗ ಹಿಮ್ಮೆಟ್ಟಿತು.

ಅರ್ಬುದದ ವಿಷಯಕ್ಕೆ ಸೆಲೆನಿಯಂ ಬಂದುದು ಹೇಗೆಂದರೆ, ಜೀವಕಣಗಳನ್ನು ಒಳಗಿನಿಂದಲೇ ಸುಡುವ ಕೆಲವು ಆಮ್ಲಜನಕದ ಸಂಯುಕ್ತಗಳನ್ನು ಅಡಗಿಸುವ ಕಿಣ್ವವೊಂದರಲ್ಲಿ ಅದು ಇದೆಯೆಂದು ೧೯೭೩ರಲ್ಲಿ ತಿಳಿಯಿತು. ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದ ಲ್ಯಾರಿ ಕ್ಲಾರ್ಕ್ ಮತ್ತು ಸಂಗಡಿಗರು ೧೯೮೩ರಲ್ಲಿ ಒಂದು ಪ್ರಯೋಗವನ್ನು ಹೂಡಿದರು. ಆ ದೇಶದ ಪೂರ್ವಭಾಗದಲ್ಲಿ, ಮಣ್ಣಿನಲ್ಲಿ ಸೆಲೆನಿಯಂ ಕಡಿಮೆಯಿರುವ ಕಡೆ, ಹಿಂದೆ ಚರ್ಮದ ಅರ್ಬುದವಾಗಿ ವಾಸಿಯಾಗಿದ್ದ ೧,೩೧೨ ಜನರನ್ನು ಆರಿಸಿಕೊಂಡರು. ಅರ್ಧ ಜನರಿಗೆ ದಿನವೂ ೨೦೦ ಮೈಕ್ರೊಗ್ರಾಂ ಸೆಲೆನಿಯಂ ಇರುವ ಯೀಸ್ಟ್ ಮಾತ್ರೆ. ಉಳಿದವರಿಗೆ ನೋಡುವುದಕ್ಕೆ ಹಾಗೆಯೇ ಇರುವ ಹುಸಿಮಾತ್ರೆ. ಉದ್ದೇಶ ಚರ್ಮದ ಅರ್ಬುದವನ್ನು ತಡೆಯುವುದು. ಅದು ತಡೆಯಲಿಲ್ಲ. ಆದರೆ ೧೯೯೬ರಲ್ಲಿ ಲೆಕ್ಕ ಬಿಡಿಸಿದಾಗ, ಹುಡುಕದೆ ಇದ್ದ ನಿಧಿಯೊಂದು ಸಿಕ್ಕಿದಂತಾಯಿತು: ಹುಸಿಮಾತ್ರೆಯವರಲ್ಲಿ ೩೫ ಜನರಿಗೆ ಪ್ರಾಸ್ಟೇಟ್ ಅರ್ಬುದ ಬಂದಿದ್ದರೆ, ಸೆಲೆನಿಯಂ ತಿಂದವರಲ್ಲಿ ಕೇವಲ ೧೩!

ಇದೇ ಸಮಯಕ್ಕೆ ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ ೨೯,೧೩೩ ಗಂಡಸರ ಮೇಲೆ ನಡೆದಿದ್ದ ಬೇರೊಂದು ಪ್ರಯೋಗದಲ್ಲಿ, 'ಇ' ಜೀವಸತ್ತ್ವ ತಿಂದವರಲ್ಲಿ ಪ್ರಾಸ್ಟೇಟ್ ಅರ್ಬುದ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಕಂಡಿತ್ತು. ಅಲ್ಲಿಯೂ ಇದು ಅನಿರೀಕ್ಷಿತವೇ. ಹುಡುಕಿದ್ದು ಶ್ವಾಸಕೋಶದ ಅರ್ಬುದಕ್ಕೆ ತಡೆಯನ್ನು. ಎರಡೂ ಸುದ್ದಿಗಳು ಪತ್ರಿಕೆಗಳಲ್ಲಿ ಬಂದುವು. ಅಂಗಡಿಗಳಲ್ಲಿ ಸೀಸೆಗಳು ಸಾಲುಗಟ್ಟಿ ನಿಂತುವು.

ಮೂವತ್ತೈದು ಸಾವಿರ ಗಂಡಸರು

ಹುಡುಕದೆ ಸಿಕ್ಕಿದ್ದು ಕಾಕತಾಳೀಯವೂ ಆಗಿರಬಹುದಷ್ಟೆ. ಆದುದರಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ೨೦೦೧ರಲ್ಲಿ 'ಸೆಲೆಕ್ಟ್' ಎಂಬ ಮಹಾಪ್ರಯೋಗಕ್ಕೆ ಹಣವೊದಗಿಸಿತು. ಅಮೆರಿಕ, ಕೆನಡ, ಪೋರ್ಟೊರಿಕೊಗಳ ನಾನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ೩೫,೫೩೩ ಗಂಡಸರು ಹೆಸರು ಬರೆಸಿದರು. ಎಲ್ಲರೂ ಆರೋಗ್ಯವಂತರು, ಐವತ್ತು ದಾಟಿದವರು. ಒಂದು ಗುಂಪಿಗೆ ಸೆಲೆನಿಯಂ ೨೦೦ ಮೈಕ್ರೊಗ್ರಾಂ, ಒಂದಕ್ಕೆ 'ಇ' ಜೀವಸತ್ತ್ವ ೪೦೦ ಯೂನಿಟ್, ಒಂದಕ್ಕೆ ಎರಡೂ, ಮತ್ತೊಂದಕ್ಕೆ ಎರಡೂ ಹುಸಿ. ಮಾವನವರ ಸೀಸೆಗಳ ಮೇಲಿದ್ದುವು ಇವೇ ಅಂಕಿಗಳು.

ಇನ್ನೂ ಹಲವು ವರ್ಷ ನಡೆಯಬೇಕಾಗಿದ್ದ ಆ ಪ್ರಯೋಗವನ್ನು ೨೦೦೮ರ ಅಕ್ಟೋಬರಿನಲ್ಲಿ ಮೇಲ್ವಿಚಾರಕರು ನಿಲ್ಲಿಸಿಬಿಟ್ಟರು. ಮಾತ್ರೆಗಳಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಮುಂದೆ ಕಾಣುವ ಆಸೆಯೂ ಉಳಿದಿರಲಿಲ್ಲ. ವಿಷಯ ಅಲ್ಲಿಗೇ ಮುಗಿದಿದ್ದರೆ 'ಹಣ ಹೋಯಿತು, ಹೋಗಲಿ' ಎನ್ನಬಹುದಾಗಿತ್ತು. ಆದರೆ ಮಾತ್ರೆ ನಿಲ್ಲಿಸಿದ ಮೇಲೂ ಆ ಗಂಡಸರ ಆರೋಗ್ಯವನ್ನು ವಿಚಾರಿಸುತ್ತ ಬಂದರು. ೨೦೧೧ರಲ್ಲಿ ತಿಳಿದುಬಂದುದೇನೆಂದರೆ, ಏಳು ವರ್ಷಗಳ ಅವಧಿಯಲ್ಲಿ ಹುಸಿಮಾತ್ರೆಯ ಸಾವಿರ ಜನರಲ್ಲಿ ೬೫ ಮಂದಿಗೆ ಪ್ರಾಸ್ಟೇಟ್ ಅರ್ಬುದ ಬಂದರೆ, 'ಇ' ಜೀವಸತ್ತ್ವವನ್ನು ಮಾತ್ರ ತಿಂದ ಸಾವಿರ ಜನರಲ್ಲಿ ೭೬ ಮಂದಿಗೆ ಬಂದಿತ್ತು. ತಡೆಯಬೇಕಾದುದು ಹೆಚ್ಚಿಸಿತ್ತು! ಎರಡನ್ನೂ ಜೊತೆಯಲ್ಲಿ ತಿಂದವರಲ್ಲಿ ಈ ಏರಿಕೆ ಅಷ್ಟು ಸ್ಪಷ್ಟವಾಗಿರಲಿಲ್ಲ.

ಸೆಲೆನಿಯಮ್ಮಿನ ಗುಟ್ಟು ಹೊರಬಿದ್ದುದು ಕಾಲುಗುರಿನಿಂದ. ಉಗುರು ನಿಧಾನವಾಗಿ ಬೆಳೆಯುವುದರಿಂದ, ಹಿಂದಿನ ಹಲವು ತಿಂಗಳುಗಳಲ್ಲಿ ಶರೀರಕ್ಕೆ ಎಷ್ಟು ಸೆಲೆನಿಯಂ ಸೇರಿತ್ತೆಂಬ ಲೆಕ್ಕ ಅದರಲ್ಲಿ ಉಳಿದಿರುತ್ತದೆ. ಪ್ರಯೋಗದ ಆರಂಭದಲ್ಲಿಯೇ ಕತ್ತರಿಸಿ ಜೋಪಾನವಾಗಿಟ್ಟಿದ್ದ ಉಗುರುಗಳನ್ನು ಪರೀಕ್ಷಿಸಿ, ೨೦೧೪ರಲ್ಲಿ ವರದಿ ಮಾಡಿದರು. ಮೊದಲೇ ಸೆಲೆನಿಯಂ ಸಾಕಷ್ಟಿದ್ದವರು ಅದನ್ನೇ ಮತ್ತೆ ನುಂಗಿದಾಗ, ಉಗ್ರಸ್ವರೂಪದ ಅರ್ಬುದದ ಅಪಾಯ ನೂರಕ್ಕೆ ೯೧ರಷ್ಟು ಏರಿತ್ತು. ಕಡಿಮೆಯಿದ್ದವರಿಗೆ ಸೆಲೆನಿಯಮ್ಮಿನಿಂದ ಕೆಡುಕಾಗಲಿಲ್ಲ, ಒಳಿತೂ ಆಗಲಿಲ್ಲ. ಆದರೆ ಅವರಲ್ಲಿ ಬರಿಯ 'ಇ' ಜೀವಸತ್ತ್ವ ನುಂಗಿದವರಿಗೆ ಅಪಾಯ ಹೆಚ್ಚಿತು. ಅದೇ ಹೊತ್ತಿಗೆ ಪ್ರಕಟವಾದ ಇನ್ನೊಂದು ಅಧ್ಯಯನವಂತೂ, ಆಗಲೇ ಪ್ರಾಸ್ಟೇಟ್ ಅರ್ಬುದವಿರುವವರು ದಿನಕ್ಕೆ ೧೪೦ ಮೈಕ್ರೊಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಸೆಲೆನಿಯಂ ಮಾತ್ರೆ ತಿನ್ನುತ್ತಿದ್ದರೆ, ಆ ರೋಗದಿಂದಲೇ ಸಾಯುವುದು ಅವರಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚಾಗಿ ಕಂಡಿತೆಂದು ತಿಳಿಸಿತು.

ಹಾಗಾದರೆ ಕ್ಲಾರ್ಕ್ ಅವರ ಪ್ರಯೋಗ ಸುಳ್ಳೇ? ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಅವರ ರೋಗಿಗಳು ಸೆಲೆನಿಯಂ ಬಡತನದ ಸೀಮೆಯವರು. ಅವರಲ್ಲಿಯೂ ಲಾಭ ಕಂಡದ್ದು ಆರಂಭದಲ್ಲಿ ರಕ್ತದಲ್ಲಿ ಸೆಲೆನಿಯಂ ತೀರ ಕಡಿಮೆಯಿದ್ದವರಿಗೆ ಎಂದು ಮುಂದಿನ ಲೆಕ್ಕ ತೋರಿಸಿತು. 'ಸೆಲೆಕ್ಟ್' ಪ್ರಯೋಗದವರ ರಕ್ತದಲ್ಲಿ ಅದು ಮೊದಲೇ ಹೆಚ್ಚಾಗಿತ್ತು. ಕೆರೆ ತುಂಬಿದ ಮೇಲೂ ನೀರು ಬಿಟ್ಟರೆ ಕಟ್ಟೆಯೊಡೆಯುವುದಲ್ಲದೆ ಬೆಳೆ ಹೆಚ್ಚೀತೆ? ಜೊತೆಗೆ, ಹದಿಮೂರು-ಮೂವತ್ತೈದು ಎಂಬ ಸಣ್ಣ ಸಂಖ್ಯೆಗಳಲ್ಲಿ ಅದೃಷ್ಟದ ಕೈವಾಡಕ್ಕೆ ಅವಕಾಶ ಹೆಚ್ಚು.

ಅಡುಗೆಮನೆಯ ಮಾತು

ಇಷ್ಟನ್ನು ನಾನು ಮಾವನವರಿಗೆ ವಿವರಿಸುತ್ತಿದ್ದಾಗ ಅತ್ತೆಯವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. "ನಾನು ಮಾಡುವ ಹುರುಳಿ ಸಾರಿನಲ್ಲಿ ಇದೆಲ್ಲ ಇಲ್ಲವೇನಪ್ಪಾ?" ಎಂದರು. ಇದೆ. ಬೇಳೆಕಾಳು, ಎಳ್ಳು, ಗೇರುಬೀಜ, ಸಿಹಿಗುಂಬಳದ ಬೀಜಗಳಲ್ಲಿ ಸತುವು ಉಂಟು. ಸೆಲೆನಿಯಂ ಮೀನು, ಮೊಟ್ಟೆ, ಮಾಂಸಗಳಲ್ಲಿ ಚೆನ್ನಾಗಿ ಇರುತ್ತದೆ. ಗೋಧಿ, ಬೇಳೆಗಳಲ್ಲಿ ಅವು ಬೆಳೆದ ಮಣ್ಣು ಕೊಟ್ಟಷ್ಟು. ಬ್ರೆಜಿಲ್ ನಟ್ ಎಂದು ಈಗ ಪೇಟೆಯಲ್ಲಿ ಸಿಕ್ಕುವ ವಿದೇಶೀ ಬೀಜದಲ್ಲಿ ಸೆಲೆನಿಯಂ ಎಷ್ಟು ದಟ್ಟವಾಗಿರಬಹುದೆಂದರೆ, ಒಂದೇ ಒಂದು ಬೀಜ ದಿನದ ಅಗತ್ಯವನ್ನು ಮೀರಿಸಬಲ್ಲದು. ಬಾದಾಮಿಯಂತೆ ಹಿಡಿಹಿಡಿಯಾಗಿ ತಿನ್ನುವ ವಸ್ತು ಅದಲ್ಲ. ಯಾವುದೇ ಊಟವು ಪ್ರಾಸ್ಟೇಟ್ ಅರ್ಬುದವನ್ನು ತಡೆಯುವುದೆಂದು ಪ್ರಮಾಣಪೂರ್ವಕವಾಗಿ ಸಿದ್ಧವಾಗಿಲ್ಲ. ಅನ್ನದಲ್ಲಿ ಬರುವ ಖನಿಜ ಹದ ಮೀರುವುದು ಅಪರೂಪ. ಸೀಸೆಯಲ್ಲಿ ಬರುವುದು ಬಲುಸುಲಭವಾಗಿ ಮೀರುತ್ತದೆ.

ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, "ಹಾಗಾದರೆ ನಾಲ್ಕು ವರ್ಷ ನುಂಗಿದ್ದು?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಉಗುರನ್ನು ಯಾರೂ ಕತ್ತರಿಸಿಟ್ಟಿರಲಿಲ್ಲವಲ್ಲ!

ಮರುವಾರ ಅವರನ್ನು ಮೂತ್ರರೋಗಗಳ ತಜ್ಞರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಸೀಸೆಗಳನ್ನೂ ಒಯ್ದಿದ್ದೆವು. ವೈದ್ಯರು ಚೀಟಿಯನ್ನು ಓದಿ, ಎರಡನ್ನೂ ನಿಲ್ಲಿಸಲು ಹೇಳಿದರು. ಅವರು ಹೆಚ್ಚಾಗಿ ವಿಚಾರಿಸಿದ್ದು ದೊಡ್ಡಮಾವನವರ ರೋಗದ ವಿಷಯವನ್ನು: ಎಷ್ಟನೆಯ ವಯಸ್ಸಿನಲ್ಲಿ ಗೊತ್ತಾಯಿತು, ತಂದೆಗೆ ಇತ್ತೆ, ಚಿಕ್ಕಪ್ಪಂದಿರಿಗೆ ಇತ್ತೆ, ಎಂದೆಲ್ಲ. ಬಳಿಕ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಮಾಡಿಸಿದರು. ಆ ಅಂಕಿ ಏರಿದ ಮಾತ್ರಕ್ಕೆ ಅರ್ಬುದವೆಂದಲ್ಲ, ಇಳಿದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ, ಆದುದರಿಂದ ಒಂದು ಸಲದ್ದಕ್ಕಿಂತ ವರ್ಷ ವರ್ಷದ ಏರಿಳಿತವನ್ನು ನೋಡಬೇಕು ಎಂದು ತಿಳಿಯ ಹೇಳಿದರು. ಮಾವನವರ ಅಂಕಿ ವಯಸ್ಸಿಗೆ ತಕ್ಕಷ್ಟೇ ಇತ್ತು. ಒಂದು ವರ್ಷ ಬಿಟ್ಟು ಮತ್ತೆ ಬರಬೇಕೆಂದು ಬರೆದುಕೊಟ್ಟರು.

ಅಂದು ಸಂಜೆ ಅವರು ಮಗನಿಗೆ ಫೋನು ಮಾಡಿದರು. ಮಾತ್ರೆ ಕಳುಹಿಸಬೇಡವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಉಳಿದ ಹೊತ್ತೆಲ್ಲ, "ನಿನಗೂ ನಲವತ್ತೈದಾಯಿತು. ನಿನ್ನ ದೊಡ್ಡಪ್ಪನಿಗೆ ಏನಾಗಿತ್ತು ಅಂತ ಅಲ್ಲಿಯ ಡಾಕ್ಟರಿಗೆ ಹೇಳಿದ್ದೀಯಾ, ಇಲ್ಲವಾ? ಅದನ್ನು ಮೊದಲು ಹೇಳು" ಎಂದು ಗದರಿಕೊಳ್ಳುತ್ತಿದ್ದುದು ಜಗಲಿಯವರೆಗೂ ಕೇಳಿಸುತ್ತಿತ್ತು.